ಸುದ್ದಿ ‘ಸುದಿ’ಯಾಗುವ ಬಗೆ

ಜಾಲತಾಣದ ನೆತ್ತಿಯ ಮೇಲಿನ ನೀಲಿ ಪಟ್ಟಿಯಲ್ಲಿ ‘ಸುದ್ದಿ’ ಎಂದಿರಬೇಕಾದ ಕಡೆ ‘ಸುದಿ’ ಎಂದಿರುತ್ತದೆ. ಪಕ್ಕದ ‘ರಾಷ್ಟ್ರೀಯ’ ಸೊರಗಿ ‘ರಾಷೀಯ’ ಆಗಿರುತ್ತದೆ. ಓದುಗರು ಮೊದಲು ಬಯ್ಯುವುದು ಬರೆದವರ ಕಾಗುಣಿತವನ್ನು. ಆದರೆ ಆ ಪದವನ್ನು ನಕಲು ಮಾಡಿ ಬೇರೆ ಕಡತದಲ್ಲಿ ಅಂಟಿಸಿದರೆ ದ ಒತ್ತು, ಟ ಒತ್ತು, ರ ಒತ್ತು ಎಲ್ಲವೂ ಚಾಚೂ ತಪ್ಪದೆ ಹಾಜರಾಗುತ್ತವೆ. ಅಕ್ಷರ ಎಲ್ಲಿಗೂ ಹೋಗಿಲ್ಲ, ಪಟ್ಟಿಯ ಅಂಚಿನಲ್ಲಿ ಅದರ ಕಾಲು ಕತ್ತರಿಸಿದೆ, ಅಷ್ಟೇ. ಅದೇ ತಾಣದ ಇಂಗ್ಲಿಷ್ ಮೆನು ಮಾತ್ರ ಇಸ್ತ್ರಿ ಹಾಕಿದಂತೆ ನೆಟ್ಟಗಿರುತ್ತದೆ. ಬಂಗಾಳಿಗೆ ಬದಲಾಯಿಸಿದರೆ ಅಲ್ಲಿ ತಲೆಯ ಮೇಲಿನ ಚಂದ್ರಬಿಂದು ಹಾರಿಹೋಗಿರುತ್ತದೆ.

ಇಂಥ ಬಹುಭಾಷಾ ತಾಣಗಳು ಕೋಲ್ಕತ್ತದ ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಾಗಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಾಗಲಿ ತಯಾರಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ: ವಿನ್ಯಾಸ ಇಂಗ್ಲಿಷಿನಲ್ಲಿ ಮುಗಿಯುತ್ತದೆ, ಭಾಷೆಗಳು ಆಮೇಲೆ ಬರುತ್ತವೆ. ಪೆಟ್ಟಿಗೆಯ ಎತ್ತರ ಆಗಲೇ ನಿಗದಿಯಾಗಿರುತ್ತದೆ.

ಆ ಎತ್ತರ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರತಿ ಫಾಂಟ್ ಕಡತದ ಒಳಗೂ ಅಳತೆಗಳ ಒಂದು ಕೋಷ್ಟಕವಿರುತ್ತದೆ. ಅಕ್ಷರಗಳು ನಿಲ್ಲುವ ಗೆರೆಯಿಂದ ಮೇಲಕ್ಕೆ ಎಷ್ಟು ಜಾಗ ಬೇಕು, ಕೆಳಕ್ಕೆ ಎಷ್ಟು ಬೇಕು ಎಂದು ಅದು ಬ್ರೌಸರಿಗೆ ಹೇಳುತ್ತದೆ. ಏರಿಯಲ್ ಫಾಂಟನ್ನು ತೆಗೆದುಕೊಳ್ಳಿ. ಅದರಲ್ಲಿ ಅಕ್ಷರದ ಚೌಕವನ್ನು 2048 ಭಾಗ ಮಾಡಿದ್ದಾರೆ. ಗೆರೆಯ ಮೇಲಕ್ಕೆ 1854 ಭಾಗ, ಕೆಳಕ್ಕೆ 434 ಭಾಗ, ಸಾಲುಗಳ ನಡುವಿನ ತೆರಪಿಗೆ 67 ಭಾಗ. 16 ಪಿಕ್ಸೆಲ್ ಗಾತ್ರದಲ್ಲಿ ಇದನ್ನು ಲೆಕ್ಕ ಹಾಕಿದರೆ ಮೇಲೆ ಸುಮಾರು 14.5 ಪಿಕ್ಸೆಲ್, ಕೆಳಗೆ 3.4. ಇಂಗ್ಲಿಷಿನ ಜಿ, ಪಿ, ವೈ ಸಣ್ಣಕ್ಷರಗಳ ಬಾಲಕ್ಕೆ ಅಷ್ಟು ಸಾಕು. ‘ಷ್ಟ್ರ’ದ ಅಡಿಯಲ್ಲಿ ಜೋತುಬೀಳುವ ಎರಡು ಒತ್ತುಗಳಿಗೆ ಮೂರೂವರೆ ಪಿಕ್ಸೆಲ್ ಯಾವ ಮೂಲೆಗೆ?

ಏರಿಯಲ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ ಎನ್ನುವುದು ಮುಂದಿನ ಗೋಜಲು. ಪುಟದ ವಿನ್ಯಾಸಸೂತ್ರದಲ್ಲಿ (ಸಿಎಸ್ಎಸ್) ಏರಿಯಲ್ ಎಂದು ಬರೆದಿದ್ದರೂ ‘ಸು’ ಕಂಡ ಕೂಡಲೇ ಬ್ರೌಸರ್ ಆ ಅಕ್ಷರವಿರುವ ಬೇರೆ ಫಾಂಟನ್ನು ಯಂತ್ರದಲ್ಲೇ ಹುಡುಕಿ ತರುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅದು ತುಂಗಾ, 2012ರ ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ, ಆಪಲ್ ಯಂತ್ರದಲ್ಲಿ ಕನ್ನಡ ಸಂಗಮ್, ಲಿನಕ್ಸ್‌ನಲ್ಲಿ ಲೋಹಿತ್ ಅಥವಾ ನೋಟೊ, ಆಂಡ್ರಾಯ್ಡ್‌ನಲ್ಲಿ ನೋಟೊ. ಪ್ರತಿಯೊಂದರ ಮೇಲೆ-ಕೆಳಗಿನ ಅಳತೆಯೂ ಬೇರೆ, ಅಗಲವೂ ಬೇರೆ. ಹೀಗಾಗಿಯೇ ತಾಣ ಕಟ್ಟಿದವರ ಮೇಜಿನ ಮೇಲೆ ಸರಿಯಿದ್ದ ಮೆನು ಹುಬ್ಬಳ್ಳಿಯ ಓದುಗರ ಮೇಜಿನ ಮೇಲೆ ಮುರಿದಿರುತ್ತದೆ. ಬಂಗಾಳಿಗರದೂ ಇದೇ ಪಾಡು. ವಿಂಡೋಸ್‌ನ ಹಳೆಯ ಬಂಗಾಳಿ ಫಾಂಟ್ ವೃಂದಾದಲ್ಲಿ ಅಕ್ಷರಗಳು ಪಕ್ಕದ ಇಂಗ್ಲಿಷಿಗಿಂತ ಎದ್ದು ಕಾಣುವಷ್ಟು ಪುಟ್ಟವಾಗಿದ್ದವು. ಅವನ್ನು ಓದಲಾಗದೆ ಗಾತ್ರ ಹಿಗ್ಗಿಸಿದರೆ ಇಂಗ್ಲಿಷೂ ಹಿಗ್ಗಿ ಮೆನು ಎರಡನೇ ಸಾಲಿಗೆ ಉರುಳುತ್ತಿತ್ತು.

ಅಕ್ಷರವನ್ನು ಯಂತ್ರದ ಪೆಟ್ಟಿಗೆಗೆ ತುರುಕುವ ಗುದ್ದಾಟ ಕೋಲ್ಕತ್ತಕ್ಕೆ ಹೊಸದಲ್ಲ. ನಗರದ ಉತ್ತರಕ್ಕೆ, ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿರುವ ಶ್ರೀರಾಂಪುರದಲ್ಲಿ 1800ರಲ್ಲಿ ಮಿಷನ್ ಮುದ್ರಣಾಲಯ ಶುರುವಾಯಿತು. ಅಲ್ಲಿ ಅಚ್ಚುಮೊಳೆಗಳನ್ನು ಕೊರೆದ ಪಂಚಾನನ ಕರ್ಮಕಾರರು ಅದಕ್ಕೂ ಮೊದಲು ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಸೇರಿ 1778ರಲ್ಲಿ ಹ್ಯಾಲ್‌ಹೆಡ್ ಬರೆದ ಬಂಗಾಳಿ ವ್ಯಾಕರಣಕ್ಕೆ ಮೊಳೆಗಳನ್ನು ತಯಾರಿಸಿದ್ದವರು. 1812ರಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅನೇಕ ಲಿಪಿಗಳ ಮೊಳೆಗಳು ಕರಗಿಹೋದವು. ಬೂದಿಯಲ್ಲಿ ಉಳಿದ ಉಕ್ಕಿನ ಪಡಿಯಚ್ಚುಗಳಿಂದ ಮತ್ತೆ ಎರಕ ಹೊಯ್ದರು. ಅಲ್ಲಿನ ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇದೇ ಶ್ರೀರಾಂಪುರದಲ್ಲಿ. ಮುದ್ರಿತ ಕನ್ನಡದ ಮೊದಮೊದಲ ಪುಸ್ತಕಗಳಲ್ಲಿ ಒಂದು ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿ ಹುಟ್ಟಿದೆ ಎಂಬುದು ನಮ್ಮಲ್ಲಿ ಹಲವರಿಗೆ ನೆನಪಿರುವುದಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಕೋಲ್ಕತ್ತದ ಬಂಗಾಳಿ ದಿನಪತ್ರಿಕೆ ಆನಂದಬಜಾರ್ ಪತ್ರಿಕಾದ್ದು. ಆ ಪತ್ರಿಕೆಯ ಸುರೇಶಚಂದ್ರ ಮಜುಂದಾರರು 1935ರಲ್ಲಿ ಬಂಗಾಳಿಯನ್ನು ಸೀಸದಲ್ಲಿ ಸಾಲುಗಳನ್ನು ಎರಕ ಹೊಯ್ಯುವ ಲೈನೋಟೈಪ್ ಯಂತ್ರಕ್ಕೆ ಒಗ್ಗಿಸಿದರು. ಆ ಯಂತ್ರದಲ್ಲಿ ಒಂದು ಅಕ್ಷರ ಪಕ್ಕದ ಅಕ್ಷರದ ಜಾಗಕ್ಕೆ ಚಾಚುವಂತಿಲ್ಲ, ಕೀಲಿಗಳ ಸಂಖ್ಯೆಗೂ ಮಿತಿ. ಆದ್ದರಿಂದ ನೂರಾರು ಸಂಯುಕ್ತಾಕ್ಷರಗಳನ್ನು ಬಿಡಿಸಿ ತುಂಡು ಮಾಡಿ ಕಡಿಮೆ ಮಾಡಬೇಕಾಯಿತು. ಅಕ್ಷರದ ಅಡಿಯಲ್ಲಿ ಬರಬೇಕಾದ ಚಿಹ್ನೆಗಳು ಪಕ್ಕಕ್ಕೆ ಸರಿದವು. ದಶಕಗಳ ಕಾಲ ಓದುಗರು ಯಂತ್ರದ ಬಂಗಾಳಿಯನ್ನೇ ಓದಿದರು. ಕಡೆಗೆ 1980ರ ದಶಕದ ಆರಂಭದಲ್ಲಿ ಇದೇ ಪತ್ರಿಕಾ ಸಮೂಹಕ್ಕಾಗಿ ಟಿಮ್ ಹಾಲೋವೇ ಮತ್ತು ಫಿಯೋನಾ ರಾಸ್ ಹೊಸ ಬಂಗಾಳಿ ಅಕ್ಷರವಿನ್ಯಾಸ ರೂಪಿಸಿದರು. ಫೋಟೊಜೋಡಣೆಯ ಯಂತ್ರಕ್ಕೆ ಸೀಸದ ಕಟ್ಟುಪಾಡು ಇರಲಿಲ್ಲವಾದ್ದರಿಂದ ಬಿಟ್ಟುಹೋಗಿದ್ದ ಸಂಯುಕ್ತಾಕ್ಷರಗಳು ಮರಳಿ ಬಂದವು. ಸೀಸ ತೊಲಗಿದರೂ ಪೆಟ್ಟಿಗೆ ತೊಲಗಲಿಲ್ಲ ಎನ್ನುವುದಕ್ಕೆ ಇಂದಿನ ಮೆನುಗಳೇ ಸಾಕ್ಷಿ.

ನಡುವೆ ಇನ್ನೊಂದು ಕಾಲಘಟ್ಟ ಹಾದುಹೋಯಿತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್ ನೆಲೆಯೂರುವ ಮುನ್ನ ಭಾರತೀಯ ಭಾಷೆಗಳ ದಿನಪತ್ರಿಕೆಗಳ ತಾಣಗಳು ತಮ್ಮ ತಮ್ಮ ಖಾಸಗಿ ಫಾಂಟುಗಳ ಮೇಲೆ ನಿಂತಿದ್ದವು. ಫಾಂಟ್ ಇಳಿಸಿಕೊಳ್ಳದಿದ್ದರೆ ಪುಟದ ತುಂಬ ಚಿತ್ರವಿಚಿತ್ರ ಲ್ಯಾಟಿನ್ ಚಿಹ್ನೆಗಳು. ಪುಟದೊಂದಿಗೇ ಫಾಂಟ್ ಕಳಿಸುವ ಉಪಾಯವನ್ನು ಮೈಕ್ರೊಸಾಫ್ಟ್ 1997ರಲ್ಲೇ ತಂದಿತ್ತು, ಆದರೆ ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಮಾತ್ರ ಸೀಮಿತ. ಫೈರ್‌ಫಾಕ್ಸ್ ಬಳಸುವವರು ಪದ್ಮಾ ಎಂಬ ಪೂರಕ ತಂತ್ರಾಂಶ ಹಾಕಿಕೊಂಡು ಇಂಥ ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಓದುತ್ತಿದ್ದರು.

ಈಗ ಫಾಂಟ್ ಪುಟದೊಂದಿಗೇ ಬರುತ್ತದೆ, ಎಲ್ಲ ಬ್ರೌಸರಿಗೂ ಬರುತ್ತದೆ. ಆದರೆ ತಡವಾಗಿ ಬರುತ್ತದೆ! ಮೊದಲು ಯಂತ್ರದಲ್ಲಿರುವ ಫಾಂಟಿನಲ್ಲಿ ಮೆನು ಮೂಡುತ್ತದೆ. ಸೆಕೆಂಡು ಕಳೆದು ಅಸಲಿ ಫಾಂಟ್ ಬಂದಿಳಿದಾಗ ಎಲ್ಲ ಪದಗಳ ಅಗಲ ಒಮ್ಮೆಲೇ ಬದಲಾಗುತ್ತದೆ. ‘ಸಂಪರ್ಕಿಸಿ’ ಒತ್ತಲು ಬೆರಳಿಟ್ಟವರು ‘ಲಾಗಿನ್’ ಒತ್ತಿರುತ್ತಾರೆ. ಇನ್ನು ಕೆಲವು ತಾಣಗಳಲ್ಲಿ ಫಾಂಟನ್ನು ಲಿಪಿವಾರು ತುಂಡು ಮಾಡಿ ಕಳಿಸುತ್ತಾರೆ. ಕನ್ನಡದ ತುಂಡನ್ನು ಸೇರಿಸಲು ಮರೆತರೆ ಒಂದೇ ಸಾಲಿನಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು. ಸಾಲಿನ ಎತ್ತರವನ್ನು ಬ್ರೌಸರಿಗೇ ಬಿಟ್ಟಿದ್ದರೆ ಕನ್ನಡ ಪದವಿರುವ ಗುಂಡಿ ಮಾತ್ರ ಉಳಿದವಕ್ಕಿಂತ ಎತ್ತರವಾಗಿ, ಇಡೀ ಸಾಲು ಡೊಂಕಾಗುತ್ತದೆ.

ಮೆನುವಿನ ಚಿತ್ರಗಳದ್ದು ಬೇರೆಯೇ ತಮಾಷೆ. ಗೂಗಲ್‌ನ ಮೆಟೀರಿಯಲ್ ಐಕಾನ್ಸ್ ಎಂಬ ಫಾಂಟಿನಲ್ಲಿ ಮನೆಯ ಚಿತ್ರ ಬೇಕಿದ್ದರೆ ಪುಟದಲ್ಲಿ ‘ಹೋಮ್’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಆ ನಾಲ್ಕಕ್ಷರ ಒಟ್ಟಿಗೆ ಕಂಡಾಗ ಫಾಂಟ್ ಅದನ್ನು ಚಿತ್ರವಾಗಿ ಬದಲಿಸುತ್ತದೆ. ಓದುಗರು ಬ್ರೌಸರಿನ ಅನುವಾದದ ಗುಂಡಿ ಒತ್ತಿ ಪುಟವನ್ನು ಕನ್ನಡಕ್ಕೆ ತಿರುಗಿಸಿದರೆ ಆ ಬಚ್ಚಿಟ್ಟ ಪದವೂ ಕನ್ನಡವಾಗಿಬಿಡುತ್ತದೆ. ಕನ್ನಡ ಪದಕ್ಕೆ ಫಾಂಟಿನಲ್ಲಿ ಚಿತ್ರವಿಲ್ಲ. 24 ಪಿಕ್ಸೆಲ್ ಚಿತ್ರ ಕೂರಬೇಕಾದ ಜಾಗದಲ್ಲಿ ‘ಮನೆ’ ಎಂಬ ಪದ ಬಂದು ಪಕ್ಕದವರನ್ನೆಲ್ಲ ತಳ್ಳುತ್ತದೆ. ಇದನ್ನು ತಡೆಯಲು ಆ ಪದದ ಮೇಲೆ ‘ಅನುವಾದ ಬೇಡ’ ಎಂಬ ಗುರುತು ಹಾಕಿದರೆ ಸಾಕು. ಅದೊಂದು ಗುರುತಿಲ್ಲದ ತಾಣಗಳು ಇನ್ನೂ ಬೇಕಾದಷ್ಟಿವೆ.

ಹಾಗಾದರೆ ಕೆಟ್ಟ ಮೆನುವಿನ ಕಾಯಿಲೆ ಪತ್ತೆಹಚ್ಚುವುದು ಎಲ್ಲಿಂದ? ವಿನ್ಯಾಸಸೂತ್ರ ಓದುವುದರಿಂದ ಅಲ್ಲ. ಅಲ್ಲಿರುವುದು ಬೇಡಿಕೆ, ಪರದೆಯ ಮೇಲೆ ನಿಜಕ್ಕೂ ಬಂದು ಕೂತ ಫಾಂಟ್ ಯಾವುದೆಂಬುದು ಬೇರೆ ಕಡೆ ಇದೆ. ಕ್ರೋಮ್‌ನಲ್ಲಿ ಮೆನುವಿನ ಪದದ ಮೇಲೆ ಬಲಗುಂಡಿ ಒತ್ತಿ ತಪಾಸಣೆಯ ಕಿಟಕಿ ತೆರೆದು, ‘ಕಂಪ್ಯೂಟೆಡ್’ ಪುಟದ ತಳಕ್ಕೆ ಹೋದರೆ ಯಾವ ಫಾಂಟಿನಿಂದ ಎಷ್ಟು ಅಕ್ಷರ ಬಂದಿವೆ ಎಂದು ಲೆಕ್ಕ ಸಮೇತ ತೋರಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆಂದೇ ಫಾಂಟುಗಳ ವಿಭಾಗವಿದೆ. ಒಂದೇ ಪದದಲ್ಲಿ ಎರಡು ಹೆಸರು ಕಂಡರೆ ಅರ್ಧ ರೋಗ ತಿಳಿದಂತೆ. ಓದುಗರ ಕಡೆಯ ಹೊಂದಾಣಿಕೆಯನ್ನೂ ನೋಡಬೇಕು: ಫೈರ್‌ಫಾಕ್ಸ್‌ನಲ್ಲಿ ಕನ್ನಡಕ್ಕೆ, ಬಂಗಾಳಿಗೆ, ಲ್ಯಾಟಿನ್‌ಗೆ ಬೇರೆ ಬೇರೆ ಫಾಂಟ್, ಬೇರೆ ಬೇರೆ ಕನಿಷ್ಠ ಗಾತ್ರ ನಿಗದಿಪಡಿಸಬಹುದು. ಕಣ್ಣು ಮಂಜಾದ ಹಿರಿಯರು ಕನಿಷ್ಠ ಗಾತ್ರವನ್ನು 20 ಮಾಡಿಟ್ಟಿದ್ದರೆ, 13 ಪಿಕ್ಸೆಲ್ ನಂಬಿ ಕಟ್ಟಿದ ಮೆನು ಅವರಲ್ಲಿ ಕುಸಿದೇ ಕುಸಿಯುತ್ತದೆ. ಅದು ಅವರ ತಪ್ಪಲ್ಲ.

ಆಮೇಲೆ ಕಾಲು ಕತ್ತರಿಸಿದ ಕತ್ತರಿಯನ್ನು ಹುಡುಕಬೇಕು. ಬರೀ ಸಾಲಿನ ಎತ್ತರ ಕಡಿಮೆಯಾದರೆ ಒತ್ತಕ್ಷರ ಮಾಯವಾಗುವುದಿಲ್ಲ, ಪೆಟ್ಟಿಗೆಯಿಂದ ಹೊರಗೆ ಇಣುಕುತ್ತದೆ. ಮಾಯವಾಗಿದೆ ಎಂದರೆ ಹೊರಚೆಲ್ಲಿದ್ದನ್ನು ಮರೆಮಾಡು ಎಂದು ಎಲ್ಲೋ ಬರೆದಿದ್ದಾರೆ ಎಂದರ್ಥ. ಬಹುಪಾಲು ಅದನ್ನು ಬರೆದದ್ದು ಎತ್ತರಕ್ಕಾಗಿ ಅಲ್ಲವೇ ಅಲ್ಲ. ಉದ್ದದ ಪದ ಬಲಗಡೆ ಹಿಡಿಸದಿದ್ದರೆ ಮೂರು ಚುಕ್ಕಿ ಹಾಕಿ ಮುಗಿಸಲು ಆ ಸೂತ್ರ ಬೇಕಾಗುತ್ತದೆ. ಬಲಕ್ಕೆಂದು ಇಟ್ಟ ಕತ್ತರಿ ಕೆಳಗೂ ಕತ್ತರಿಸುತ್ತದೆ. ಕತ್ತರಿ ಬೀಳುವುದು ಪೆಟ್ಟಿಗೆಯ ಒಳಅಂಚಿನ ಹೊರಗೆರೆಯಲ್ಲಿ. ಆದ್ದರಿಂದ ಆ ಪದಕ್ಕೇ ಕೆಳಗೆ ನಾಲ್ಕಾರು ಪಿಕ್ಸೆಲ್ ಒಳಅಂಚು ಕೊಟ್ಟರೆ ಚುಕ್ಕಿಗಳೂ ಉಳಿಯುತ್ತವೆ, ಒತ್ತಕ್ಷರವೂ ಉಳಿಯುತ್ತದೆ. ಇದಕ್ಕಿಂತ ಅಗ್ಗದ ಔಷಧ ಈ ರೋಗಕ್ಕಿಲ್ಲ. ಜೊತೆಗೆ ಪಟ್ಟಿಗೆ ‘32 ಪಿಕ್ಸೆಲ್’ ಎಂಬ ಗಟ್ಟಿ ಎತ್ತರದ ಬದಲು ‘ಕನಿಷ್ಠ ಇಷ್ಟು’ ಎಂದು ಹೇಳಿದರೆ ಅಕ್ಷರ ಬೇಡಿದಾಗ ಪಟ್ಟಿ ತಾನೇ ಬೆಳೆಯುತ್ತದೆ. 2018ರ ವೆಬ್ ಸುಗಮ್ಯತೆಯ ಮಾನದಂಡವೂ ಓದುಗರು ಸಾಲಿನ ಎತ್ತರವನ್ನು ಅಕ್ಷರಗಾತ್ರದ ಒಂದೂವರೆ ಪಟ್ಟಿಗೆ ಏರಿಸಿದಾಗ ಪಠ್ಯ ಕಳೆದುಹೋಗಬಾರದು ಎನ್ನುತ್ತದೆ. ಕನ್ನಡಕ್ಕೆ ಆ ಒಂದೂವರೆ ಐಷಾರಾಮವಲ್ಲ, ಆರಂಭ.

ಫ್ಯಾಶನ್ ಎಂದು ಅಕ್ಷರಗಳ ನಡುವೆ ಬಿಡುವು ಹೆಚ್ಚಿಸುವುದನ್ನಂತೂ ಬಂಗಾಳಿಯಲ್ಲಿ ಮಾಡಲೇಬಾರದು. ಅದರ ಪದಗಳು ತಲೆಗೆರೆಗೆ ನೇತುಬಿದ್ದಿರುತ್ತವೆ. ಎರಡು ಪಿಕ್ಸೆಲ್ ಬಿಡುವು ಸೇರಿಸಿದರೆ ಗೆರೆ ಚೂರುಚೂರಾಗುತ್ತದೆ.

ತಡವಾಗಿ ಬರುವ ಫಾಂಟಿನ ಕುಣಿತಕ್ಕೂ ಈಗ ಮದ್ದಿದೆ. ತಾತ್ಕಾಲಿಕ ಫಾಂಟನ್ನು ಇಷ್ಟು ಪ್ರತಿಶತ ಹಿಗ್ಗಿಸು, ಅದರ ಮೇಲಿನ ಅಳತೆಯನ್ನು ಇಷ್ಟೆಂದು ತಿಳಿ ಎಂದು ಬ್ರೌಸರಿಗೆ ಮೊದಲೇ ಹೇಳಬಹುದು. ಅಸಲಿ ಫಾಂಟ್ ಬಂದಾಗ ಅಕ್ಷರದ ರೂಪ ಬದಲಾದೀತೇ ಹೊರತು ಪಟ್ಟಿ ಹೆಚ್ಚು ಅಲುಗುವುದಿಲ್ಲ. ಹಲವು ಲಿಪಿಗಳಿಗೆ ಒಂದೇ ಕುಟುಂಬದ ಫಾಂಟ್ ಆರಿಸುವುದು ಇನ್ನೊಂದು ದಾರಿ: ಅಕ್ಷರವಿನ್ಯಾಸ ಸಂಸ್ಥೆ ಎಕ್ ಟೈಪ್‌ನವರ ಬಲೂ ಕುಟುಂಬದಲ್ಲಿ ಬಂಗಾಳಿಗೆ ಬಲೂ ದಾ ಇದೆ, ಕನ್ನಡಕ್ಕೆ ಬಲೂ ತಮ್ಮ ಇದೆ.

ಪೆಟ್ಟಿಗೆಯನ್ನು ಬಿಟ್ಟು ಅಕ್ಷರವನ್ನೇ ಕುಗ್ಗಿಸಿದ ಉದಾಹರಣೆಯೂ ಉಂಟು. ನೋಟೊ ಕುಟುಂಬದಲ್ಲಿ ಕನ್ನಡಕ್ಕೆ ಮತ್ತು ಬಂಗಾಳಿಗೆ ಮಾಮೂಲಿ ರೂಪದ ಜೊತೆ ‘ಯುಐ’ ಎಂಬ ಬಾಲವಿರುವ ಇನ್ನೊಂದು ರೂಪವನ್ನೂ ಗೂಗಲ್ ಮಾಡಿಸಿತು. ಲ್ಯಾಟಿನ್ ಎತ್ತರದ ಗುಂಡಿಗಳಲ್ಲಿ ಹಿಡಿಸಲೆಂದು ಅದನ್ನು ಮೇಲಿಂದ ಕೆಳಕ್ಕೆ ಅದುಮಿದ್ದಾರೆ. 1935ರ ಲೈನೋಟೈಪ್ ನೋಡಿದವರಿಗೆ ಈ ರಾಜಿ ಹೊಸದೆನಿಸದು. ಆದರೆ ಈ ಬಾರಿ ಗಾಳಿ ತಿರುಗಿದೆ. 2024ರ ಆಂಡ್ರಾಯ್ಡ್ 15ಕ್ಕೆ ಹೊಂದಿಸಿದ ಆ್ಯಪ್‌ಗಳಲ್ಲಿ ಅಕ್ಷರಕ್ಕೆ ಪೂರ್ಣ ಎತ್ತರ ಕೊಡುವುದೇ ವಾಡಿಕೆಯಾಯಿತು, ಅದುಮಿದ ರೂಪ ಬೇಕಿದ್ದವರು ಕೇಳಿ ಪಡೆಯಬೇಕಿತ್ತು. 2025ರ ಆಂಡ್ರಾಯ್ಡ್ 16ಕ್ಕೆ ಹೊಂದಿಸಿದ ಆ್ಯಪ್‌ಗಳಲ್ಲಿ ಕೇಳಿದರೂ ಸಿಗುವುದಿಲ್ಲ. ಇದರಿಂದ ಯಾವ ಲಿಪಿಗಳ ವಿನ್ಯಾಸ ಏರುಪೇರಾಗಬಹುದು, ಮತ್ತೆ ಪರೀಕ್ಷಿಸಿ ಎಂದು ಗೂಗಲ್ ಕೊಟ್ಟ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಂ ಜೊತೆ ಕನ್ನಡದ ಹೆಸರೂ ಇದೆ. ಆ ಪರೀಕ್ಷೆಗೆ ಇಂಗ್ಲಿಷಿನ ನಮೂನೆ ಪಠ್ಯ ಉಪಯೋಗಕ್ಕೆ ಬಾರದು. ಮೆನುವಿನಲ್ಲಿ ‘ರಾಷ್ಟ್ರೀಯ’, ‘ಸ್ತ್ರೀ’, ‘ಹಕ್ಕುಪತ್ರ’, ‘ಅರ್ಜಿಪಟ್ಟಿ’, ‘ರಾಜ್‌ಕುಮಾರ್’ ಎಂಬ ಐದು ಪದ ಹಾಕಿ, ಗಾತ್ರವನ್ನು ಇಮ್ಮಡಿ ಮಾಡಿ, ವಿಂಡೋಸ್‌ನಲ್ಲೊಮ್ಮೆ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲೊಮ್ಮೆ ನೋಡಿದರೆ ಎಲ್ಲಿ ಕತ್ತರಿ ಬಿದ್ದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.