ಒಡಿಕತ್ತಿಯ ಪುಸ್ತಕಕ್ಕೆ ಮೊದಲು ಬೇಕು ಚಿತ್ರಪಟ್ಟಿ

ಕೊಡಗಿನ ಒಡಿಕತ್ತಿಯನ್ನು ಬರೀ ಮಾತಿನಲ್ಲಿ ಬಣ್ಣಿಸುವುದು ಕಷ್ಟ. ಅಗಲವಾದ, ತೂಕದ ಅಲಗು. ಮುಂದಕ್ಕೆ ಬಾಗಿದ ಆಕಾರ. ಹರಿತ ಇರುವುದು ಒಳಬಾಗಿನ ಕಡೆಗೆ. ಇಷ್ಟನ್ನೇ ಓದಿದವರ ಕಣ್ಣಿಗೆ ಮಚ್ಚು ಕಂಡೀತು, ಕುಡುಗೋಲು ಕಂಡೀತು, ಒಡಿಕತ್ತಿ ಕಾಣುವುದಿಲ್ಲ.

ಇಂಥ ಆಯುಧದ ಬಗ್ಗೆ ಇತಿಹಾಸ ಬಲ್ಲವರು, ಕಮ್ಮಾರರು, ಐನ್‌ಮನೆಯ (ಮನೆತನದ ಮೂಲಮನೆಯ) ಹಿರಿಯರು, ಕಲಾವಿದರು ಒಟ್ಟಾಗಿ ಆಕರಗ್ರಂಥ ಮಾಡಲು ಹೊರಟರೆ ಅಧ್ಯಾಯಗಳಿಗಿಂತ ಮೊದಲು ಚಿತ್ರಗಳ ಪಟ್ಟಿ ಸಿದ್ಧವಾಗಬೇಕು. ಬರಹ ಮುಗಿದ ಮೇಲೆ ಖಾಲಿ ಜಾಗ ನೋಡಿ ಫೋಟೊ ತುಂಬಿಸಿದ ಪುಸ್ತಕ ಅಲಂಕಾರಕ್ಕೆ ಸರಿ, ಅಧ್ಯಯನಕ್ಕೆ ಸಾಲದು.

ಹಳೆಯ ಪುಸ್ತಕಗಳು ಈ ಪಾಠ ಹೇಳುತ್ತವೆ. ಲಂಡನ್ನಿನ ಇಂಡಿಯಾ ಮ್ಯೂಸಿಯಂ ಸಂಗ್ರಹವನ್ನು ಆಧರಿಸಿ ವಿಲ್‌ಬ್ರಹಾಂ ಎಗರ್ಟನ್ 1880ರಲ್ಲಿ ಭಾರತೀಯ ಆಯುಧಗಳ ಸಚಿತ್ರ ಕೈಪಿಡಿ ತಂದರು. 1934ರಲ್ಲಿ ಜಾರ್ಜ್ ಕ್ಯಾಮೆರಾನ್ ಸ್ಟೋನ್ ತಮ್ಮ ಆಯುಧಕೋಶದಲ್ಲಿ ಒಡಿಕತ್ತಿಯನ್ನು ‘ಆಯ್ದ ಕತ್ತಿ’ ಎಂಬ ಹೆಸರಿನಲ್ಲಿ ಸೇರಿಸಿದರು. ಎರಡೂ ದೊಡ್ಡ ಕೆಲಸಗಳೇ. ಆದರೆ ಹಲವು ನಾಡುಗಳ ಆಯುಧಗಳನ್ನು ಹಿಡಿದಿಡಬೇಕಾದ ಪುಸ್ತಕದಲ್ಲಿ ಒಂದೇ ಕತ್ತಿಗೆ ಎಷ್ಟು ಜಾಗ ಸಿಕ್ಕೀತು?

ಇನ್ನೊಂದು ದಾರಿ ತೋರಿಸಿದವರು ಬ್ರಿಟನ್ನಿನ ಇವಾರ್ಟ್ ಓಕ್‌ಶಾಟ್. ವೃತ್ತಿಯಿಂದ ಚಿತ್ರಕಾರರಾಗಿದ್ದ ಅವರು ಮಧ್ಯಯುಗದ ಯುರೋಪಿನ ಖಡ್ಗಗಳನ್ನು ಅಲಗಿನ ಆಕಾರ ಮತ್ತು ಅಡ್ಡಕೊಯ್ತ ನೋಡಿ ವಿಂಗಡಿಸಿದರು. ಗೆರೆಚಿತ್ರವೇ ಅವರ ವಾದದ ಆಧಾರ. ಅವರ ವಿಂಗಡಣೆಯನ್ನು ಸಂಗ್ರಾಹಕರೂ ವಿದ್ವಾಂಸರೂ ಇಂದಿಗೂ ಬಳಸುತ್ತಾರೆ.

ಒಡಿಕತ್ತಿಗೂ ಇದೇ ಶಿಸ್ತು ಬೇಕು. ಹೊಳೆಯುವ ಅಲಗಿನ ಫೋಟೊದಲ್ಲಿ ಬೆಳಕು ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಹಿಡಿಯ ಬಳಿ, ನಡುವೆ, ಅಗಲವಾದ ತುದಿಯಲ್ಲಿ ಬೆನ್ನು ಎಷ್ಟು ದಪ್ಪ, ಅಲ್ಲಿಂದ ಅಂಚಿಗೆ ಹೇಗೆ ತೆಳುವಾಗುತ್ತದೆ ಎಂಬುದನ್ನು ಅಡ್ಡಕೊಯ್ತದ ಚಿತ್ರವೇ ಹೇಳಬೇಕು. ಎರಡೂ ಮಗ್ಗುಲು ಬರಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು. ಎಲ್ಲ ಕಲಾವಿದರೂ ತುದಿಯನ್ನು ಒಂದೇ ದಿಕ್ಕಿಗೆ ಇಟ್ಟು, ಒಂದೇ ಪ್ರಮಾಣದಲ್ಲಿ ಬರೆಯಬೇಕು. ಇಲ್ಲವಾದರೆ ಎರಡು ಮನೆಗಳ ಕತ್ತಿಯನ್ನು ಹೋಲಿಸಿ ನೋಡಲು ಓದುಗರಿಗೆ ಸಾಧ್ಯವೇ ಇಲ್ಲ.

ಕತ್ತಿಯೊಂದನ್ನೇ ಬರೆದರೂ ಸಾಲದು. ಒಡಿಕತ್ತಿಗೆ ಒರೆಯಿಲ್ಲ, ಸೊಂಟಪಟ್ಟಿಗೆ ಸೇರಿದ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಸಿಕ್ಕಿಸಿ ಕೊಡವರು ಬೆನ್ನ ಹಿಂದೆ ಧರಿಸುತ್ತಾರೆ. ಮುಂದೆ, ಸೊಂಟಕ್ಕೆ ಸುತ್ತಿದ ಚೇಲೆ ಎಂಬ ವಸ್ತ್ರದಲ್ಲಿ, ಪೀಚೆಕತ್ತಿ ಎಂಬ ಚಿಕ್ಕ ಬಾಕು. ಕೈ ಹಿಂದೆ ಹೋಗಿ ಹಿಡಿಯನ್ನು ಹೇಗೆ ಹಿಡಿಯುತ್ತದೆ, ಅಲಗು ಹೇಗೆ ಹೊರಬರುತ್ತದೆ ಎಂಬುದಕ್ಕೆ ಸರಣಿ ಚಿತ್ರಗಳೇ ಬೇಕು. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೂ ಪ್ರತ್ಯೇಕ ಪುಟ ಮೀಸಲಿಡಬೇಕು. ಅಲಗಿನ ಭಾರ, ಬಾಗು, ಹರಿತ ಮೂರೂ ಒಟ್ಟಿಗೆ ಕೆಲಸಕ್ಕೆ ಬರುವುದು ಆ ಏಟಿನಲ್ಲಿ.

ದಾಖಲೀಕರಣಕ್ಕೆ ಹೊಂದುವ ದಿನವೂ ಇದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಆಯುಧಗಳನ್ನು ಹೊರತೆಗೆದು, ತೋಕ್‌ಪೂ ಎಂಬ ಹೂವನ್ನು ಇಟ್ಟು ಪೂಜಿಸುತ್ತಾರೆ. ಹಿರಿಯರ ಒಪ್ಪಿಗೆ ಪಡೆದು, ಪೂಜೆಗೆ ಅಡ್ಡಿಯಾಗದಂತೆ ಅಳತೆ ತೆಗೆಯಬಹುದು.

ಮನೆಯಲ್ಲಿ ಹಳೆಯ ಒಡಿಕತ್ತಿ ಇರುವವರು ಪುಸ್ತಕಕ್ಕಾಗಿ ಕಾಯಬೇಕಿಲ್ಲ. ತುಕ್ಕು ಉಜ್ಜಿಸುವ, ಹಿಡಿ ಬದಲಿಸುವ ಮುನ್ನವೇ ಬಿಳಿ ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಮಗ್ಗುಲ ಫೋಟೊ ತೆಗೆಯಿರಿ. ತೂಕ, ಉದ್ದ, ಬೆನ್ನಿನ ದಪ್ಪವನ್ನು ಒಂದು ಹಾಳೆಯಲ್ಲಿ ಬರೆದಿಡಿ.