ಯಾರಿಗೆ ಯಾವ ಆಟ?

‘ಆ ಗೇಮ್ ಆಡಿದ್ಯೇನೋ? ಸೂಪರ್ ಆಗಿದೆ ಕಣೋ!’

ಶಾಲೆಯ ಬಿಡುವಿನ ವೇಳೆಯಲ್ಲಿ, ಬಸ್ಸಿನಲ್ಲಿ, ಟ್ಯೂಷನ್ ಮುಗಿಸಿ ಮನೆಗೆ ಹೊರಟಾಗ ಮಕ್ಕಳ ಬಾಯಲ್ಲಿ ಕೇಳಿಬರುವ ಮಾತಿದು. ಜಾಹೀರಾತನ್ನು ನಂಬದವರೂ ಗೆಳೆಯನ ಮಾತನ್ನು ನಂಬುತ್ತಾರೆ. ಆದರೆ ಆ ಒಂದು ಮಾತು ಕೇಳಿದವನ ಹತ್ತಾರು ಗಂಟೆಗಳನ್ನು ತೆಗೆದುಕೊಳ್ಳಬಹುದು. ಅಪ್ಪನ ಜೇಬಿಗೂ ಕೈ ಹಾಕಬಹುದು. ‘ಊಟ ತನ್ನಿಚ್ಛೆ’ ಎನ್ನುತ್ತದೆ ಗಾದೆ. ಆಟವೂ ಹಾಗೆಯೇ. ಒಬ್ಬನಿಗೆ ರುಚಿಸಿದ್ದು ಇನ್ನೊಬ್ಬನಿಗೆ ಸಪ್ಪೆ, ಮತ್ತೊಬ್ಬನಿಗೆ ಅಜೀರ್ಣ. ಆದ್ದರಿಂದ ‘ಸೂಪರ್’ ಎಂದರೆ ಸಾಲದು. ಯಾರಿಗೆ, ಏಕೆ, ಎಷ್ಟು ಹೊತ್ತಿಗೆ ಎಂಬುದನ್ನೂ ಹೇಳಿದಾಗಲೇ ಅದು ಸಲಹೆ ಎನಿಸಿಕೊಳ್ಳುತ್ತದೆ.

ಒಂದು ಸಲಹೆಯ ಕಥೆ

ಅಲೆಕ್ಸಿ ಪಾಜಿಟ್ನೋವ್ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದವರು. 1984ರಲ್ಲಿ ಅವರು ಒಂದು ಆಟ ರೂಪಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವನ್ನು ತಿರುಗಿಸಿ, ಸಂದು ಬಿಡದಂತೆ ಜೋಡಿಸಬೇಕು. ಅವರ ಕಂಪ್ಯೂಟರ್‌ಗೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಹೀಗಾಗಿ ಚೌಕಗಳನ್ನು ಆವರಣ ಚಿಹ್ನೆಗಳಿಂದಲೇ ತೋರಿಸಿದರು. ಅದೇ ಟೆಟ್ರಿಸ್. ಯಾವ ಪ್ರಚಾರವೂ ಇಲ್ಲದೆ ಅದು ಫ್ಲಾಪಿಯಿಂದ ಫ್ಲಾಪಿಗೆ, ಕೈಯಿಂದ ಕೈಗೆ ಹರಡಿತು.

ಜಪಾನಿನಲ್ಲಿ ಆಟಗಳ ಪ್ರಕಾಶಕರಾಗಿದ್ದ ಹೆಂಕ್ ರೋಜರ್ಸ್ 1988ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ಪ್ರದರ್ಶನವೊಂದರಲ್ಲಿ ಇದನ್ನು ಕಂಡು ಮನಸೋತರು. ಆ ವೇಳೆಗೆ ನಿಂಟೆಂಡೊ ಕಂಪನಿ ಗೇಮ್ ಬಾಯ್ ಎಂಬ ಅಂಗೈ ಯಂತ್ರವನ್ನು ಮಾರುಕಟ್ಟೆಗೆ ತರುವ ಸಿದ್ಧತೆಯಲ್ಲಿತ್ತು. ಯಂತ್ರದೊಡನೆ ಯಾವ ಆಟ ಕೊಡಬೇಕು? ಕಂಪನಿಯ ಕಣ್ಮಣಿ ಮಾರಿಯೊ ಇದ್ದೇ ಇದ್ದ. ಆದರೆ ಚಿಕ್ಕ ಹುಡುಗರಷ್ಟೇ ಕೊಳ್ಳಬೇಕೆಂದಿದ್ದರೆ ಮಾರಿಯೊ ಸಾಕು, ಎಲ್ಲರೂ ಕೊಳ್ಳಬೇಕೆಂದಿದ್ದರೆ ಟೆಟ್ರಿಸ್ ಕೊಡಿ ಎಂಬುದು ರೋಜರ್ಸ್ ವಾದ. ಅಮೆರಿಕದಲ್ಲಿ 1989ರಲ್ಲಿ ಯಂತ್ರದ ಜೊತೆಯಲ್ಲೇ ಟೆಟ್ರಿಸ್ ಬಂತು. ಗೇಮ್ ಬಾಯ್‌ನ ಟೆಟ್ರಿಸ್ ಒಟ್ಟು ಸುಮಾರು 3.5 ಕೋಟಿ ಪ್ರತಿಗಳಷ್ಟು ಮಾರಾಟವಾಯಿತು. ರೋಜರ್ಸ್ ಯಾವ ಆಟ ದೊಡ್ಡದು ಎಂದು ಅಳೆಯಲಿಲ್ಲ. ಆಡುವವರು ಯಾರು ಎಂದು ಕೇಳಿದರು. ಸಲಹೆ ಕೊಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬೇಕಾದ ಮೊದಲ ಪಾಠ ಇದೇ.

ಎಲ್ಲಿ ನಿಲ್ಲಿಸಬಹುದು?

ಎರಡನೆಯ ಪಾಠ ಸಮಯದ್ದು. ಟೆಟ್ರಿಸ್ ಕಲಿಯಲು ಎರಡು ನಿಮಿಷ ಸಾಕು. ಆದರೆ ವೇಗ ಏರುತ್ತಾ ಹೋಗಿ ಸೋತಾಗ ‘ಇನ್ನೊಂದೇ ಆಟ’ ಎನಿಸುವುದು ಅದರ ಗುಣ. ನಾಳೆ ಪರೀಕ್ಷೆ ಇರುವವನಿಗೆ ಇದನ್ನು ಹೇಳುವಾಗ ಈ ಗುಣವನ್ನೂ ಹೇಳಬೇಕು.

ಅಂಥವನಿಗೆ ಮಾನ್ಯುಮೆಂಟ್ ವ್ಯಾಲಿ ವಾಸಿ. 2014ರಲ್ಲಿ ಲಂಡನ್ನಿನ ಅಸ್‌ಟು ಸಂಸ್ಥೆ ತಂದ ಈ ಆಟದಲ್ಲಿ ಕಣ್ಣಿಗೆ ಮೋಸ ಮಾಡುವ ಗೋಪುರ, ಮೆಟ್ಟಿಲುಗಳ ನಡುವೆ ಈಡಾ ಎಂಬ ಪುಟ್ಟ ರಾಜಕುಮಾರಿಗೆ ದಾರಿ ಮಾಡಿಕೊಡಬೇಕು. ಸಮಯದ ಒತ್ತಡವಿಲ್ಲ, ಅಂಕಗಳ ಪೈಪೋಟಿಯಿಲ್ಲ. ಎರಡು ಗಂಟೆಯ ಆಸುಪಾಸಿನಲ್ಲಿ ಕಥೆ ಮುಗಿಯುತ್ತದೆ. ಒಗಟು ಇಷ್ಟಪಡುವವರಿಗೂ ಚಿತ್ರಕಲೆಯಲ್ಲಿ ಆಸಕ್ತಿಯಿರುವವರಿಗೂ ಒಪ್ಪುವ ಆಟ ಇದು.

ಸ್ಟಾರ್‌ಡ್ಯೂ ವ್ಯಾಲಿಯ ರೀತಿಯೇ ಬೇರೆ. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು ಸಿದ್ಧಪಡಿಸಿ 2016ರಲ್ಲಿ ಹೊರತಂದರು. ಅಜ್ಜ ಬಿಟ್ಟುಹೋದ ಪಾಳು ಜಮೀನನ್ನು ಹಸನು ಮಾಡಿ, ಬಿತ್ತಿ, ನೀರುಣಿಸಿ, ಊರವರ ಸ್ನೇಹ ಗಳಿಸುವುದು ಇಲ್ಲಿನ ಕೆಲಸ. ಮಳೆ ಬಂದ ದಿನ ಬೆಳೆಗೆ ನೀರು ಹಾಕುವ ಶ್ರಮವಿಲ್ಲ; ಋತು ಬದಲಾದರೆ ಆ ಋತುವಿನ ಬೆಳೆ ಒಣಗುತ್ತದೆ. ನಿಧಾನದಲ್ಲಿ ಸುಖ ಕಾಣುವವರಿಗೆ ಇದು ಹಬ್ಬ, ಅವಸರದ ಸ್ವಭಾವದವರಿಗೆ ಬೇಸರ. ಆಟದ ಒಂದು ದಿನವೆಂದರೆ ನಮ್ಮ ಹದಿನಾಲ್ಕು ನಿಮಿಷದಷ್ಟು. ಕಂಪ್ಯೂಟರ್‌ನಲ್ಲಿ ಆಡುವವರು ಮಾಡಿದ ಕೆಲಸ ಉಳಿಯುವುದು ಆ ದಿನ ಮುಗಿಸಿ ಮಲಗಿದಾಗ. ಊಟಕ್ಕೆ ಕರೆದ ಅಮ್ಮನಿಗೆ ‘ಐದೇ ನಿಮಿಷ’ ಎನ್ನುವ ಮಗ ಸುಳ್ಳು ಹೇಳುತ್ತಿದ್ದಾನೆ ಎಂದೇನಲ್ಲ. ಈ ಸಂಗತಿ ಅಮ್ಮನಿಗೆ ಮೊದಲೇ ಗೊತ್ತಿದ್ದರೆ ‘ಈ ದಿನ ಮುಗಿಸಿ ಬಾ’ ಎನ್ನಬಹುದು, ಜಗಳವೊಂದು ತಪ್ಪೀತು.

ಸ್ವಭಾವ ಮತ್ತು ಸಂಗ

1989ರ ಪ್ರಿನ್ಸ್ ಆಫ್ ಪರ್ಷಿಯಾ ಆಟಕ್ಕಾಗಿ ಜೋರ್ಡನ್ ಮೆಕ್ನರ್ ತಮ್ಮ ಸೋದರ ಓಡುವುದನ್ನು, ಜಿಗಿಯುವುದನ್ನು ಚಿತ್ರೀಕರಿಸಿ, ಅದನ್ನೇ ಆಧರಿಸಿ ರಾಜಕುಮಾರನ ಚಲನೆಯನ್ನು ಬರೆದರು. ಅದು ಇಂದಿಗೂ ಜೀವಂತವಾಗಿ ಕಾಣುತ್ತದೆ. ರಾಜಕುಮಾರಿಯನ್ನು ಬಿಡಿಸಲು ಇರುವುದು ಒಂದೇ ಗಂಟೆ. ಹಳ್ಳಕ್ಕೆ ಬಿದ್ದು, ಮುಳ್ಳಿಗೆ ಸಿಕ್ಕು, ಮತ್ತೆ ಮತ್ತೆ ಎದ್ದು ಬರಬೇಕು. ಸೋಲನ್ನು ಲೆಕ್ಕಿಸದ ಹಟಮಾರಿಗೆ ಇದನ್ನು ಧಾರಾಳವಾಗಿ ಹೇಳಬಹುದು. ಬೇಗ ಕಣ್ಣೀರಾಗುವ ತಂಗಿಗೆ ಬೇಡ.

ಇನ್ನು ಕೆಲವು ಆಟಗಳಿಗೆ ಜೊತೆ ಬೇಕು. ಮೂವರೇ ಇದ್ದ ಇನ್ನರ್‌ಸ್ಲಾತ್ ತಂಡ 2018ರಲ್ಲಿ ಬಿಡುಗಡೆ ಮಾಡಿದ ಅಮಾಂಗ್ ಅಸ್ ಆಟವನ್ನು ಎರಡು ವರ್ಷ ಹೆಚ್ಚು ಜನ ಗಮನಿಸಲೇ ಇಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ಜನ ಮನೆಯೊಳಗೆ ಸೇರಿದಾಗ, ಹೆಸರಾಂತ ಆಟಗಾರರು ಅದನ್ನು ಆಡಿ ತೋರಿಸಿದರು; ಜಗತ್ತೇ ಮುಗಿಬಿತ್ತು. ಗುಂಪಿನೊಳಗಿನ ಕಳ್ಳನನ್ನು ಮಾತಿನಿಂದಲೇ ಪತ್ತೆ ಮಾಡುವುದು ಇದರ ಸ್ವಾರಸ್ಯ. ಪರಿಚಯದ ಏಳೆಂಟು ಮಂದಿ ಸೇರಿದರೆ ನಗುವಿಗೆ ಬರವಿಲ್ಲ. ಒಬ್ಬಂಟಿಯಾಗಿ ಅಪರಿಚಿತರ ನಡುವೆ ಆಡುವ ಕಿರಿಯನಿಗೆ ಇದೇ ಆಟ ಬೇರೆಯೇ ಅನುಭವ ಕೊಟ್ಟೀತು.

ನಮ್ಮ ಕಥೆಗಳೇ ಬೇಕೆನ್ನುವವರಿಗೆ ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯ ‘ರಾಜಿ’ ಇದೆ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುತ್ತಾ ಹೊರಡುವ ಹುಡುಗಿಯ ಕಥೆಯಿದು, 2020ರಲ್ಲಿ ಬಂತು. ಕಾದಾಟ ಇದೆ ಎಂಬುದನ್ನು ಮಾತ್ರ ಮುಂಚೆಯೇ ಹೇಳಬೇಕು.

ಪುಕ್ಕಟೆಯ ಬೆಲೆ

‘ಫ್ರೀ ಕಣೋ’ ಎಂಬ ಮಾತನ್ನು ಅರ್ಧವಷ್ಟೇ ನಂಬಬೇಕು. ಮೊದಲು ಬಿಟ್ಟಿಯಾಗಿ ಒಳಗೆ ಕರೆದು, ಆಮೇಲೆ ಉಡುಪಿಗೆ, ಆಯುಧಕ್ಕೆ, ಅದೃಷ್ಟದ ಪೆಟ್ಟಿಗೆಗೆ ಹಣ ಕೇಳುವ ಆಟಗಳು ಬೇಕಾದಷ್ಟಿವೆ. ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲಿ ಜೂಜು ಎಂದೇ ಪರಿಗಣಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಗೆ ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಗೆಳೆಯ ಹೇಳಿದರೂ ಅಂಥ ಆಟದ ಗೊಡವೆ ಬೇಡ.

ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಬಳಿಯೇ 3+, 7+, 12+ ಎಂಬಂಥ ವಯಸ್ಸಿನ ಸೂಚನೆ ಇರುತ್ತದೆ. ಆಟದೊಳಗೆ ಖರೀದಿ ಉಂಟೇ ಎಂಬುದನ್ನೂ ಅಲ್ಲಿ ನೋಡಬಹುದು. ಇಳಿಸಿಕೊಳ್ಳುವ ಮುನ್ನ ಒಂದು ನಿಮಿಷ ಅದನ್ನು ಓದುವುದು ಒಳ್ಳೆಯದು.

ಪಾಲಕರ ಪಾಲು

ಬಹಳಷ್ಟು ಮನೆಗಳಲ್ಲಿ ಪಾಲಕರ ಪ್ರಶ್ನೆ ಒಂದೇ: ‘ಇನ್ನೂ ಆಡ್ತಿದ್ದೀಯಾ?’ ಅದರ ಬದಲು ‘ನನಗೊಂದು ಆಟ ಹೇಳು ನೋಡೋಣ’ ಎಂದು ಕೇಳಿದರೆ ಮಾತಿನ ದಾರಿ ತೆರೆಯುತ್ತದೆ. ಅಪ್ಪನಿಗೆ ಯಾವುದು ಹೊಂದೀತು, ಅಜ್ಜಿಗೆ ಯಾವುದು ಎಂದು ಯೋಚಿಸುವ ಮಗು ತಾನು ಆಡುವ ಆಟವನ್ನೂ ಹೊರಗೆ ನಿಂತು ನೋಡಲು ಕಲಿಯುತ್ತದೆ. ತಾನು ಅದನ್ನು ಏಕೆ ಆಡುತ್ತಿದ್ದೇನೆ ಎಂಬುದಕ್ಕೆ ಉತ್ತರ ಹುಡುಕುತ್ತದೆ.

ಆಟವೇ ಊಟ, ನಿದ್ದೆ, ಓದು, ಸ್ನೇಹಗಳನ್ನು ನುಂಗತೊಡಗಿದರೆ ಮಾತ್ರ ಬೈಗುಳವಾಗಲೀ ಸಲಹೆಯಾಗಲೀ ಸಾಲದು. ಆಟದ ಮೇಲೆ ಹಿಡಿತ ತಪ್ಪಿ ಬದುಕೇ ಏರುಪೇರಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ; ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥ ತೊಂದರೆಗಳಿಗಾಗಿಯೇ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭಿಸಿತು. ಅಲ್ಲಿಗೆ ಹೋಗುವುದು ಅವಮಾನದ ಸಂಗತಿಯಲ್ಲ.

ಉಳಿದವರಿಗೆಲ್ಲ ಒಂದು ಚಿಕ್ಕ ಅಭ್ಯಾಸ ಸಾಕು. ಮುಂದಿನ ಸಲ ಗೆಳೆಯನಿಗೆ ಆಟ ಹೇಳುವಾಗ ಐದು ಮಾತು ಸೇರಿಸಿ: ಇದರಲ್ಲಿ ಮಾಡಬೇಕಾದ್ದೇನು, ಎಂಥವರಿಗೆ ಇಷ್ಟವಾದೀತು, ಯಾರಿಗೆ ಬೇಡ, ಹಣ ಎಷ್ಟು, ಎಲ್ಲಿ ನಿಲ್ಲಿಸಬಹುದು. ಇಷ್ಟು ಹೇಳಬಲ್ಲವನು ಒಳ್ಳೆಯ ಆಟಗಾರ ಮಾತ್ರವಲ್ಲ, ಒಳ್ಳೆಯ ಗೆಳೆಯನೂ ಹೌದು.