ಮಸಿಯ ಕಲೆಯೂ ಕಲೆಯೇ

ಅಡ್ಡಲಾಗಿ ಕೊಯ್ದ ಬೆಂಡೆಕಾಯಿಯನ್ನು ಮಸಿಯಲ್ಲಿ ಅದ್ದಿ, ಕೈಯಿಂದ ತಯಾರಿಸಿದ ಕಾಗದದ ಶುಭಾಶಯಪತ್ರದ ಮೇಲೆ ಒತ್ತಿದರೆ ಐದೆಸಳಿನ ಹೂವು ಮೂಡಬೇಕು. ಆದರೆ ಅನೇಕ ವೇಳೆ ಅಂಚು ಕದಡಿದ ಕಲೆಯೊಂದು ಕಾಣುವುದು. ಇದೇಕೆ?

ಕಾಗದವೆಂಬುದು ಸೆಲ್ಯುಲೋಸ್ ನಾರುಗಳ ಹೆಣಿಗೆ. ನಾರುಗಳ ನಡುವಣ ಸೂಕ್ಷ್ಮ ಸಂದುಗಳು ದ್ರವವನ್ನು ಸೆಳೆದುಕೊಳ್ಳುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಕೇಶಾಕರ್ಷಣದಿಂದ. ಹಿಂದೆ ನಮ್ಮ ದೇಶದ ಕಾಗದಗಾರರು ಹಾಳೆಗೆ ಗಂಜಿ ಬಳಿದು, ನುಣುಪಾದ ಕಲ್ಲಿನಿಂದ ಉಜ್ಜಿ ಈ ಸಂದುಗಳನ್ನು ಮುಚ್ಚುತ್ತಿದ್ದರು. ನಾವೂ ತಿಳಿಗಂಜಿಯನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಅಚ್ಚೊತ್ತಿದರೆ ಹೂವಿನ ಅಂಚು ಸ್ಫುಟವಾಗುವುದು.

ಗಂಜಿಯಿಲ್ಲದ ಕಾಗದವೂ ವ್ಯರ್ಥವಲ್ಲ. ಅದರ ಮೇಲೆ ನೀರಿನಲ್ಲಿ ಕರಗುವ ಕಪ್ಪು ಮಸಿಯ ಬೊಟ್ಟನ್ನಿಟ್ಟು, ನಡುವೆ ಒಂದು ಹನಿ ನೀರನ್ನು ಬಿಡೋಣ. ಹಲವು ಬಣ್ಣಗಳು ಬೆರೆತ ಮಸಿಯಾದರೆ, ನಾರಿಗೆ ಹೆಚ್ಚಾಗಿ ಅಂಟುವ ಬಣ್ಣ ಹಿಂದುಳಿಯುವುದು, ಕಡಿಮೆ ಅಂಟುವುದು ನೀರಿನೊಡನೆ ಮುಂದೆ ಸಾಗುವುದು. ಹೀಗೆ ಬಣ್ಣಬಣ್ಣದ ವಲಯಗಳು ಅರಳಿ, ಪತ್ರಕ್ಕೆ ಅಲಂಕಾರವಾಗುವುವು. 1944ರಲ್ಲಿ ವಿಜ್ಞಾನಿಗಳು ಅಮೈನೋ ಆಮ್ಲಗಳನ್ನು ಬೇರ್ಪಡಿಸಿದುದೂ ಇಂತಹ ಹೀರುವ ಕಾಗದದ ಮೇಲೆಯೇ. ಆ ವಿಧಾನಕ್ಕೆ ತಳಹದಿ ಹಾಕಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.